ಅವನಿಗೊಬ್ಬ ಸಾರಥಿ ಇರಲಿಲ್ಲ
(ಸಂಪಾದಕರ ಉತ್ತರ)

ಕೊಪ್ಪಳ ಜಿಲ್ಲೆಯ ಹಿರಿಯ ಓದುಗರೊಬ್ಬರು ಬರೆದಿದ್ದಾರೆ: "ಹೋದ ಸಂಚಿಕೆಯಲ್ಲಿ 'ಟ್ಯಾಕ್ಸಿ ಡ್ರೈವರ್' ಸಿನಿಮಾವನ್ನು ಬಹಳ ಹೊಗಳಿದ್ದೀರಿ. ಅದರ ನಾಯಕ ತಲೆಕೆಟ್ಟ ಕೊಲೆಗಾರ. ಬಳ್ಳಾರಿಯಲ್ಲಿ ರೂಮು ಮಾಡಿಕೊಂಡಿರುವ ನನ್ನ 24 ವರ್ಷದ ಮಗ ಅವನ ಫೋಟೋವನ್ನೇ ವಾಟ್ಸಾಪ್‌ಗೆ ಹಾಕಿಕೊಂಡಿದ್ದಾನೆ. ಇಂಥವನನ್ನು ನಾಯಕ ಅನ್ನಬಹುದೇ? ಫೋಟೋ ತೆಗೆಸಲೇ?"

ಹಿರಿಯರೇ, ಮಗನ ಬಗ್ಗೆ ನೀವು ಬರೆದ ಸಾಲು ನನ್ನನ್ನು ಎರಡು ದಿನ ಬಿಡಲಿಲ್ಲ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ನಾವು ಮೆಚ್ಚಿದ್ದು ಮಾರ್ಟಿನ್ ಸ್ಕಾರ್ಸೆಸಿ 1976ರಲ್ಲಿ ತೆಗೆದ ಸಿನಿಮಾವನ್ನು. ಅದರ ನಾಯಕ ಟ್ರ್ಯಾವಿಸ್ ಮಾಡಿದ್ದನ್ನು ಮೆಚ್ಚಲಿಲ್ಲ. ಅದನ್ನು ಬಿಡಿಸಿ ಹೇಳಬೇಕಿತ್ತು, ಹೇಳಲಿಲ್ಲ. ತಪ್ಪು ನಮ್ಮದೇ.

ನಮ್ಮ ಕಡೆ ದೊಡ್ಡಾಟ ನೋಡಿ ಬೆಳೆದವರಿಗೆ ಇಂಥ ನಾಯಕ ಹೊಸಬನಲ್ಲ. ಕೌರವ ಕಿರೀಟ, ಭುಜಕೀರ್ತಿ ಕಟ್ಟಿಕೊಂಡು ಅಟ್ಟದ ಹಲಗೆ ಅದುರುವಂತೆ ಕುಣಿದು ಬಂದರೆ ನಿದ್ದೆ ಹೋದ ಮಕ್ಕಳೂ ಎದ್ದು ಕೂರುತ್ತವೆ. ಹಾಗಂತ ಬೆಳಗಾದ ಮೇಲೆ ಕೌರವ ಮಾಡಿದ್ದೇ ಸರಿ ಅನ್ನುತ್ತಾ ಯಾರೂ ಮನೆಗೆ ಹೋಗುವುದಿಲ್ಲ, ಅಲ್ವಾ?

ಟ್ರ್ಯಾವಿಸ್‌ಗೆ 26 ವರ್ಷ. ವಿಯೆಟ್ನಾಂ ಯುದ್ಧದ ಕಾಲದ ಸೈನಿಕ. ನಿದ್ದೆ ಬರುವುದಿಲ್ಲ ಅಂತ ನ್ಯೂಯಾರ್ಕ್‌ನಲ್ಲಿ ರಾತ್ರಿ ಟ್ಯಾಕ್ಸಿ ಓಡಿಸುತ್ತಾನೆ. ಹಿಂದಿನ ಸೀಟಿಗೆ ದಿನಾ ಜನ ಬಂದು ಹೋಗುತ್ತಾರೆ. ಇವನಿಗೆ ಅಂತ ಒಬ್ಬರೂ ಇಲ್ಲ. ಕಥೆ ಬರೆದ ಪಾಲ್ ಶ್ರೇಡರ್ ಕೂಡ ಇರಲು ಮನೆಯಿಲ್ಲದೆ ಕಾರಿನಲ್ಲೇ ಮಲಗಿದವರು. ಹೊಟ್ಟೆ ಹುಣ್ಣಾಗಿ ಆಸ್ಪತ್ರೆ ಸೇರಿದಾಗಲೇ ಅವರಿಗೆ ಹೊಳೆದದ್ದು, ವಾರಗಟ್ಟಲೆ ತಾನು ಯಾರ ಹತ್ತಿರವೂ ಮಾತಾಡಿಲ್ಲ ಅಂತ.

ಹುಡುಗರೆಲ್ಲ ಮೊಬೈಲಿನಲ್ಲಿ ತಿರುಗಿಸಿ ತಿರುಗಿಸಿ ನೋಡುವುದು ಕನ್ನಡಿಯ ದೃಶ್ಯ. ಟ್ರ್ಯಾವಿಸ್ ಪಿಸ್ತೂಲು ಹಿಡಿದು, ನನಗೇ ಹೇಳ್ತಿದ್ದೀಯಾ ಅಂತ ಕನ್ನಡಿಯನ್ನು ಕೇಳುತ್ತಾನೆ. ಆ ಮಾತು ಶ್ರೇಡರ್ ಬರೆದದ್ದಲ್ಲ, ನಟ ರಾಬರ್ಟ್ ಡಿ ನೀರೊ ಅಲ್ಲೇ ಹುಟ್ಟಿಸಿಕೊಂಡದ್ದು. ನಿಮ್ಮ ಮಗನಿಗೂ ಅದು ಗತ್ತಿನ ಮಾತಾಗಿ ಕೇಳಿಸಿರಬೇಕು. ನನಗೆ ಪ್ರತಿ ಸಲವೂ ಹೊಟ್ಟೆ ಕಿವುಚಿದಂತಾಗುತ್ತದೆ. ದೊಡ್ಡಾಟದಲ್ಲಿ ಎಂಥ ದುಷ್ಟ ಪಾತ್ರ ಬಂದರೂ ಆಟ ನಡೆಸಿಕೊಡುವ ಸಾರಥಿ ಎದುರು ನಿಂತು ಕೇಳುತ್ತಾನೆ: ನೀವು ಯಾರು, ಬಂದ ಕಾರಣವೇನು? ಕೌರವನನ್ನೂ ಕೇಳುತ್ತಾನೆ. ಟ್ರ್ಯಾವಿಸ್‌ನನ್ನು ಹಾಗೆ ಕೇಳುವವರಿಲ್ಲ. ಪ್ರಶ್ನೆಯೂ ಅವನದೇ, ಉತ್ತರವೂ ಅವನದೇ.

ಅದಕ್ಕಿಂತ ಮುಂಚೆ ಒಂದು ಫೋನಿನ ದೃಶ್ಯ ಬರುತ್ತದೆ. ಮೆಚ್ಚಿದ ಹುಡುಗಿಯನ್ನು ಅವನು ಅಶ್ಲೀಲ ಸಿನಿಮಾಕ್ಕೆ ಕರೆದೊಯ್ದು ಸ್ನೇಹ ಕೆಡಿಸಿಕೊಂಡಿರುತ್ತಾನೆ. ಈಗ ಕ್ಷಮೆ ಕೇಳುತ್ತಿದ್ದಾನೆ. ಆ ಕಡೆಯ ದನಿ ನಮಗೆ ಕೇಳುವುದಿಲ್ಲ. ಅಷ್ಟರಲ್ಲಿ ಕ್ಯಾಮೆರಾ ಅವನನ್ನು ಬಿಟ್ಟು ಮೆಲ್ಲಗೆ ಪಕ್ಕಕ್ಕೆ ಸರಿಯುತ್ತದೆ. ಖಾಲಿ ಕಾರಿಡಾರ್, ಆಚೆ ಬೀದಿ, ಅಷ್ಟೇ. ಅವನ ಮಾತು ಮಾತ್ರ ಕೇಳುತ್ತಿರುತ್ತದೆ. ಅವನ ಅವಮಾನವನ್ನು ಕ್ಯಾಮೆರಾಕ್ಕೂ ನೋಡಲು ಆಗಲಿಲ್ಲ ಅನಿಸುತ್ತದೆ. ಕೊನೆಯ ಗುಂಡಿನ ಕಾಳಗಕ್ಕಿಂತ ಇದು ನನ್ನನ್ನು ಜಾಸ್ತಿ ಕಾಡಿದೆ.

ಇನ್ನು ಕೊನೆ. ಚುನಾವಣಾ ಅಭ್ಯರ್ಥಿಯೊಬ್ಬನನ್ನು ಕೊಲ್ಲಲು ಹೋಗಿ ಆಗದೆ ಓಡಿದವನು, ಆಮೇಲೆ ಪುಟ್ಟ ಹುಡುಗಿಯನ್ನು ದಂಧೆಗೆ ತಳ್ಳಿದವರನ್ನು ಕೊಲ್ಲುತ್ತಾನೆ. ಪತ್ರಿಕೆಗಳು ಅವನನ್ನು ವೀರ ಅಂತ ಹೊಗಳುತ್ತವೆ. ಮೊದಲ ಗುರಿ ತಪ್ಪದಿದ್ದರೆ ಅವೇ ಪತ್ರಿಕೆಗಳು ಏನು ಬರೆಯುತ್ತಿದ್ದವು? ಪತ್ರಿಕೆ ನಡೆಸುವವನಾಗಿ ಈ ಭಾಗ ನೋಡುವಾಗ ನನಗೆ ತಲೆ ತಗ್ಗುತ್ತದೆ.

ಫೋಟೋ ತೆಗೆಸಬೇಡಿ. ಬಳ್ಳಾರಿ ಬಸ್ಸು ಹತ್ತಿ. ಸುಮ್ನೆ ಒಂದು ರಾತ್ರಿ ಅವನ ರೂಮಿನಲ್ಲಿ ಉಳಿದು, ಇಡೀ ಸಿನಿಮಾ ಅವನ ಜೊತೆ ಕೂತು ನೋಡಿ. ರಕ್ತ ಜಾಸ್ತಿ ಇದೆ, ಬೇಕಾದರೆ ಅಲ್ಲಿ ಕಣ್ಣು ಮುಚ್ಚಿಕೊಳ್ಳಿ. ಫೋನಿನ ದೃಶ್ಯ ಬಂದಾಗ ಮಾತ್ರ ಎದ್ದು ಹೋಗಬೇಡಿ. ಮುಗಿದ ಮೇಲೆ ಟ್ರ್ಯಾವಿಸ್ ವಿಷಯ ಎತ್ತದಿದ್ದರೂ ನಡೆಯುತ್ತದೆ. ರಾತ್ರಿ ಊಟ ಯಾರ ಜೊತೆ ಮಾಡ್ತೀಯಪ್ಪಾ ಅಂತ ಕೇಳಿ. ಅವನು ಏನಂದ ಅಂತ ನನಗೂ ಒಂದು ಸಾಲು ಬರೆಯಿರಿ.