ಮಳೆಗಾಲದ ಸಾವು: ಫ್ರೀಜರ್ ಬಾಕ್ಸ್‌ನಿಂದ ಸೌದೆಯವರೆಗೆ

ಪ್ರಶ್ನೆ: ತಂದೆಗೆ 84 ವರ್ಷ, ಹಾಸಿಗೆ ಹಿಡಿದಿದ್ದಾರೆ. ಅಣ್ಣ ದುಬೈಯಲ್ಲಿದ್ದಾನೆ. ಈ ಮಳೆಯಲ್ಲಿ ಏನಾದರೂ ಆದರೆ, ಅವನು ಬರುವವರೆಗೆ ಎರಡು ದಿನ ಮನೆಯಲ್ಲೇ ಇರಿಸಬಹುದೇ? ಅಂತ್ಯಸಂಸ್ಕಾರದ ವ್ಯವಸ್ಥೆ ಮಾಡುವವರಿಗೆ ಏನೇನು ಹೇಳಬೇಕು?
– ಓದುಗರು, ಸೋಮವಾರಪೇಟೆ

ಉತ್ತರ: ಇರಿಸಬಹುದು, ಕರೆಂಟ್ ಇದ್ದರೆ. ಕೊಡಗಿನ ಜುಲೈಯಲ್ಲಿ ಆ ಭರವಸೆ ಬೇಡ. ಫ್ರೀಜರ್ ಬಾಕ್ಸ್ ತರುವವರಿಗೆ ಮೊದಲ ಫೋನಿನಲ್ಲೇ ಜನರೇಟರ್ ಕೂಡ ಬೇಕೆಂದು ಹೇಳಿ. ಮನೆಯ ಯುಪಿಎಸ್ ನೆಚ್ಚಬೇಡಿ. ಕಂಪ್ರೆಸರ್ ಶುರುವಾಗುವಾಗ ಎಳೆಯುವ ಕರೆಂಟನ್ನು ಅದು ತಾಳದೆ ಟ್ರಿಪ್ ಆಗಬಹುದು. ಕರೆಂಟ್ ಹೋಗಿ ಬಂದರೆ ಐದು ನಿಮಿಷ ಬಿಟ್ಟು ಸ್ವಿಚ್ ಹಾಕಿ. ಒಳಗೆ 2ರಿಂದ 4 ಡಿಗ್ರಿ ಸೆಲ್ಸಿಯಸ್ ಇರಲಿ. ನೆಂಟರು ಬಂದಾಗಲೆಲ್ಲ ಮುಚ್ಚಳ ತೆಗೆದರೆ ತಂಪು ನಿಲ್ಲುವುದಿಲ್ಲ. ಗಾಜು ಮಸುಕಾದರೆ ಹೊರಗಿನಿಂದ ಒರೆಸಿ ತೋರಿಸಿ, ಸಾಕು.

ಬಾಕ್ಸ್ ಬರುವ ಮುಂಚಿನ ಹೊತ್ತೇ ಹೆಚ್ಚು ಮುಖ್ಯ. ಮೊದಲು ವೈದ್ಯರು ಬಂದು ಸಾವನ್ನು ಖಚಿತಪಡಿಸಿ, ಕಾರಣ ಬರೆದುಕೊಡಬೇಕು. ದವಡೆ, ಕುತ್ತಿಗೆ ಸೆಟೆಯಲು ಶುರುವಾಗುವುದು 2ರಿಂದ 4 ಗಂಟೆಯೊಳಗೆ. ಅಷ್ಟರಲ್ಲಿ ಕಣ್ಣು ಮುಚ್ಚಿ, ಗದ್ದದಿಂದ ನೆತ್ತಿಗೆ ಬಟ್ಟೆ ಕಟ್ಟಿ, ಕೈಕಾಲು ನೇರ ಮಾಡಿ. ತಲೆಗೆ ದಿಂಬು ಕೊಡಿ, ಇಲ್ಲದಿದ್ದರೆ ರಕ್ತ ಇಳಿದು ಮುಖ ಕಪ್ಪಿಡಬಹುದು. ಉಂಗುರವನ್ನೂ ಆಗಲೇ ತೆಗೆಯಿರಿ. ಬೆರಳು ಊದಿದ ಮೇಲೆ ಉಂಗುರವನ್ನೇ ಕತ್ತರಿಸಬೇಕಾದೀತು. ಎದೆಯಲ್ಲಿ ಪೇಸ್‌ಮೇಕರ್ ಇದ್ದರೆ ಮುಚ್ಚಿಡಬೇಡಿ, ಬೆಂಕಿಯಲ್ಲಿ ಸಿಡಿಯುತ್ತದೆ. ದಹನಕ್ಕೆ ಮೊದಲು ತೆಗೆಸಬೇಕು. ಎರಡು ದಿನಕ್ಕೆ ಫಾರ್ಮಲಿನ್ (ದೇಹ ಕೆಡದಂತೆ ತಡೆಯುವ ದ್ರಾವಣ) ಚುಚ್ಚಿಸುವ ಖರ್ಚು ಬೇಡ.

ಮರಣ ನೋಂದಣಿ 21 ದಿನದೊಳಗೆ ಆಗಲಿ. ಹೆಸರಿನ ಕಾಗುಣಿತ ಆಧಾರ್‌ನಲ್ಲಿದ್ದಂತೆಯೇ ಬರೆಸಿ. ಬ್ಯಾಂಕಿನಲ್ಲಿ ತಕರಾರು ಬರುವುದು ಅಲ್ಲಿಯೇ.

ಪ್ರಶ್ನೆ: ಮಳೆಯಲ್ಲಿ ಚಿತೆ ಅರ್ಧಕ್ಕೆ ನಂದುತ್ತದೆ. ಸೌದೆ ಎಷ್ಟು ಬೇಕು?
– ಓದುಗರು, ನಾಪೋಕ್ಲು

ಉತ್ತರ: ಒಣಗಿದ್ದರೆ ಸುಮಾರು 400 ಕಿಲೋ. ಹಸಿಯಾದರೆ ಎಷ್ಟು ಪೇರಿಸಿದರೂ ಬರೀ ಹೊಗೆ. ಶಾಖವೆಲ್ಲ ಮರದ ನೀರನ್ನು ಆವಿ ಮಾಡುವುದಕ್ಕೇ ಖರ್ಚಾಗುತ್ತದೆ. ಈ ಬೇಸಿಗೆಯ ಮರಗಸಿಯ (ತೋಟದ ನೆರಳು ಮರಗಳ ಕೊಂಬೆ ಕಡಿದಾಗಿನ) ಸೌದೆ ಮೇಲೆ ಒಣಗಿದಂತೆ ಕಂಡರೂ ಒಳಗೆ ಹಸಿ. ಹೋದ ವರ್ಷದ್ದನ್ನು ಕೊಟ್ಟಿಗೆಯಲ್ಲಿ ಎತ್ತಿಡಿ. ಎರಡು ಕೊರಡು ತಾಕಿಸಿ ನೋಡಿ: ಒಣಗಿದ್ದು ಟಣ್ ಎನ್ನುತ್ತದೆ, ಹಸಿಯದ್ದು ಧಪ್. ಕೆಳಗೆ ಎರಡು ದಪ್ಪ ಕೊರಡು ಅಡ್ಡ ಹಾಕಿ ಗೇಣುದ್ದ ಸಂದು ಬಿಡಿ. ನೆಲಕ್ಕೇ ಒಟ್ಟಿದರೆ ಗಾಳಿ ಆಡುವುದಿಲ್ಲ, ಹರಿದು ಬಂದ ನೀರು ಬುಡ ನೆನೆಸುತ್ತದೆ. ಮೇಲೆ ಸಿಂಕ್ ಶೀಟು ಎತ್ತರಕ್ಕೆ ಕಟ್ಟಿ. ಕುಗ್ಗಿದ ಬೆಂಕಿಗೆ ಕ್ಯಾನಿನಿಂದ ಡೀಸೆಲ್ ಸುರಿಯುವ ಚಾಳಿ ಬಿಡಿ, ಜ್ವಾಲೆ ಕೈಗೇ ಬರುತ್ತದೆ.