ಕೇಳಿ, ಹೇಳ್ತೀನಿ: ಬ್ಯಾಕ್ಟೀರಿಯಾ ವಿಷ ತಿನ್ನುತ್ತಾ?

ಪ್ರಶ್ನೆ: ನಮ್ಮ ಹಾಸನ ಜಿಲ್ಲೆಯ ಕೆಂಪಿನಕೋಟೆಯಲ್ಲಿ ಹಿಂದೆ ಚಿನ್ನ ತೆಗೀತಿದ್ರಂತೆ. ಈಗ ಅದಿರಿಗೆ ಬ್ಯಾಕ್ಟೀರಿಯಾ ಬಿಟ್ಟರೆ ಸಾಕು, ಆರ್ಸೆನಿಕ್ ವಿಷವನ್ನು ಅದೇ ತಿಂದು ಚಿನ್ನ ಬಿಟ್ಟುಕೊಡುತ್ತೆ ಅಂತ ಒಬ್ಬರು ಹೇಳಿದರು. ನಿಜವೇ? ಹಾಗಾದರೆ ಗಣಿಯನ್ನು ಮತ್ತೆ ತೆರೆಯಬಹುದಲ್ವಾ?
– ಒಬ್ಬ ಓದುಗ, ಚನ್ನರಾಯಪಟ್ಟಣ

ಉತ್ತರ: ಅರ್ಧ ನಿಜ ಸ್ವಾಮಿ. ಚಿನ್ನ ಸಿಗುತ್ತೆ, ವಿಷ ಮಾಯವಾಗಲ್ಲ.

ಅದಿರು ಪರೀಕ್ಷೆಯ ಲ್ಯಾಬಿನಲ್ಲಿ ದುಡಿದು, ಈಗ ಸಕಲೇಶಪುರದ ಹತ್ತಿರ ಎರಡೆಕರೆ ಕಾಫಿ ನೋಡಿಕೊಂಡಿದ್ದೇನೆ. ಲ್ಯಾಬಿನ ಪಾಠ ನನಗೆ ಸರಿಯಾಗಿ ತಲೆಗೆ ಹೋದದ್ದು ಇಲ್ಲಿನ ತೊಟ್ಟಿಯಲ್ಲೇ. ಹಣ್ಣನ್ನು ಪಲ್ಪರ್‌ಗೆ ಹಾಕಿ ಸಿಪ್ಪೆ ತೆಗೆದ ಮೇಲೂ ಬೀಜಕ್ಕೆ ಲೋಳೆ ಅಂಟಿರುತ್ತದೆ. ತೊಟ್ಟಿಯಲ್ಲಿ ಹುದುಗಲು ಬಿಟ್ಟರೆ ಕಣ್ಣಿಗೆ ಕಾಣದ ಜೀವಿಗಳು ಅದನ್ನು ಬಿಡಿಸುತ್ತವೆ. ಬೆಳಿಗ್ಗೆ ಒಂದು ಹಿಡಿ ತೆಗೆದು ಉಜ್ಜಿದರೆ ಜಾರಬಾರದು, ಸಣ್ಣ ಜಲ್ಲಿಯ ಹಾಗೆ ಗರಗರ ಅನ್ನಬೇಕು. ಬೀಜವನ್ನು ಮಾತ್ರ ಆ ಜೀವಿಗಳು ಮುಟ್ಟಿರುವುದಿಲ್ಲ. ಒಂದು ವರ್ಷ ವಿಪರೀತ ಚಳಿ. ಎರಡನೇ ದಿನವೂ ಲೋಳೆ ಹಾಗೇ ಇತ್ತು, ನನ್ನ ಬೈಗುಳಕ್ಕೂ ಬಗ್ಗಲಿಲ್ಲ.

ಚಿನ್ನದ ಕಥೆಯೂ ಹೆಚ್ಚುಕಡಿಮೆ ಹೀಗೇ. ಕೆಲವು ಅದಿರಿನಲ್ಲಿ ಚಿನ್ನದ ಕಣಗಳು ಆರ್ಸೆನೋಪೈರೈಟ್ (ಕಬ್ಬಿಣ, ಗಂಧಕದ ಜೊತೆ ಆರ್ಸೆನಿಕ್ ಸೇರಿದ್ದು), ಪೈರೈಟ್ (ಬರೀ ಕಬ್ಬಿಣ, ಗಂಧಕದ್ದು) ಎಂಬ ಖನಿಜಗಳ ಒಳಗೆ ಹುದುಗಿರುತ್ತವೆ. ನುಣ್ಣಗೆ ಅರೆದರೂ ಚಿನ್ನ ಕರಗಿಸುವ ಸೈನೈಡ್ ನೀರು ಅಲ್ಲಿಗೆ ಇಳಿಯಲ್ಲ. ಹಿಂದೆ ಇಂಥದ್ದನ್ನು ಹುರಿಯುತ್ತಿದ್ದರು. ಆಗ ಆರ್ಸೆನಿಕ್ ಹೊಗೆಯಾಗಿ ಎದ್ದು, ತಣಿದು ಬಿಳಿ ಪುಡಿಯಾಗುತ್ತದೆ. ಅಜ್ಜಿಯರು ಪಾಷಾಣ ಅಂತಿದ್ದರಲ್ಲ, ಅದೇ. ನೀರಲ್ಲಿ ಕರಗುತ್ತೆ ಬೇರೆ. ಕೆನಡಾದ ಯೆಲ್ಲೋನೈಫ್‌ನ ಜೈಂಟ್ ಗಣಿಯ ನೆಲದಡಿ ಇಂಥ ಪುಡಿ ಸುಮಾರು 2,37,000 ಟನ್ ಬಿದ್ದಿದೆ. ಗಣಿ ಮುಚ್ಚಿತು, ಕಾವಲು ಮುಗಿದಿಲ್ಲ.

ಬ್ಯಾಕ್ಟೀರಿಯಾ ಈ ಹುರಿಯುವ ಕೆಲಸವನ್ನು ಒಲೆಯಿಲ್ಲದೆ ಮಾಡುತ್ತದೆ, ಖನಿಜವನ್ನು ಒಡೆದು ಒಳಗಿನ ಚಿನ್ನಕ್ಕೆ ದಾರಿ ಬಿಡಿಸುತ್ತದೆ. ಅಸಿಡಿಥಯೋಬ್ಯಾಸಿಲಸ್ ಫೆರೋಆಕ್ಸಿಡಾನ್ಸ್ ಅಂತ ಒಂದರ ಹೆಸರು. ಕಬ್ಬಿಣ, ಗಂಧಕವೇ ಅದರ ಹೊಟ್ಟೆಪಾಡು, ಹುಳಿ ಆಮ್ಲವೇ ಮನೆ. ಅರೆದ ಅದಿರು ತುಂಬಿದ ದೊಡ್ಡ ತೊಟ್ಟಿಗೆ ಗಾಳಿ ಊದುತ್ತಾ, ಸುಮಾರು 40 ಡಿಗ್ರಿ ಕಾಯ್ದುಕೊಂಡು ನಾಲ್ಕೈದು ದಿನ ಬಿಡುತ್ತಾರೆ. ನನ್ನ ಕಾಫಿ ತೊಟ್ಟಿಗೆ ಚಳಿ ಕಾಟ, ಈ ಬ್ಯಾಕ್ಟೀರಿಯಾಕ್ಕೆ ತಾನೇ ಎಬ್ಬಿಸುವ ಬಿಸಿಯ ಕಾಟ. ತಂಪು ಮಾಡದಿದ್ದರೆ ಸಾಯುತ್ತದೆ. ದಕ್ಷಿಣ ಆಫ್ರಿಕಾದ ಫೇರ್‌ವ್ಯೂ ಗಣಿಯಲ್ಲಿ 1986ರಿಂದ ಹೀಗೆ ನಡೆದಿದೆ. ನಮ್ಮಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಕೆ.ಎ. ನಟರಾಜನ್ ಇದರ ಮೇಲೆ ದಶಕಗಳ ಕಾಲ ಕೆಲಸ ಮಾಡಿದ್ದಾರೆ.

ಆರ್ಸೆನಿಕ್ ಎಲ್ಲಿ ಹೋಯಿತು? ಆ ಹುಳಿ ನೀರಿನಲ್ಲೇ ಇರುತ್ತದೆ. ಅದಕ್ಕೆ ಸುಣ್ಣ ಹಾಕಿದರೆ ಕಬ್ಬಿಣದ ಜೊತೆ ಸೇರಿ ಕೆಸರಾಗಿ ತಳ ಸೇರುತ್ತದೆ. ಕಬ್ಬಿಣ ಸಾಕಷ್ಟಿದ್ದರೆ ಸುಲಭವಾಗಿ ಕರಗಲ್ಲ. ಪಾಷಾಣಕ್ಕಿಂತ ಎಷ್ಟೋ ವಾಸಿ. ಆದರೂ ಅದನ್ನು ಜೋಪಾನವಾಗಿ ಇಡಬೇಕು. ಚಿನ್ನ ಕರಗಿಸಲು ಆಮೇಲೆ ಸಾಮಾನ್ಯವಾಗಿ ಸೈನೈಡೇ ಬೇಕು. ಆ ನೀರು ತಪ್ಪಿ ಬ್ಯಾಕ್ಟೀರಿಯಾದ ತೊಟ್ಟಿಗೆ ಹೋದರೆ ಅಲ್ಲಿಗೆ ಕಥೆ ಮುಗಿಯಿತು.

ಕೆಂಪಿನಕೋಟೆ ವಿಷಯ: ಮೊದಲು ಅದಿರು ಅರೆದು ನೇರವಾಗಿ ಸೈನೈಡ್‌ಗೆ ಹಾಕಿ ನೋಡಬೇಕು. ಚಿನ್ನ ಸುಮ್ನೆ ಬಂದುಬಿಟ್ಟರೆ ಬ್ಯಾಕ್ಟೀರಿಯಾ ಯಾಕೆ? ಬರದಿದ್ದರೆ, ನಿಮಗೆ ಹೇಳಿದವರನ್ನೇ ಕೇಳಿ, ಸುಣ್ಣ ಹಾಕಿದ ಕೆಸರನ್ನು ಯಾರ ಜಮೀನಿನ ಪಕ್ಕ ಇಡ್ತೀರಿ ಅಂತ.