ಒಂದೇ ಆಂಟೆನಾ, ಮೂರು ಟಿವಿ

ಪ್ರಶ್ನೆ: ನಾವಿರುವುದು ಷಿಕಾಗೋ ಹತ್ತಿರದ ನೇಪರ್‌ವಿಲ್‌ನಲ್ಲಿ. ಅಟ್ಟದ ಆಂಟೆನಾದಿಂದ ಹಾಲ್‌ನ ಟಿವಿಗೆ ಚಾನೆಲ್‌ಗಳು ಚೆನ್ನಾಗೇ ಬರುತ್ತಿದ್ದವು. ನಾಲ್ಕು ದಾರಿಯ ಸ್ಪ್ಲಿಟರ್ ಹಾಕಿ ಮೂರು ರೂಮಿಗೆ ಹಂಚಿದ ಮೇಲೆ ಚಿತ್ರ ಚೌಕ ಚೌಕವಾಗಿ ಒಡೆಯುತ್ತಿದೆ. ಬೂಸ್ಟರ್ ಹಾಕಿದರೆ ಸರಿಹೋಗುತ್ತಾ?

ಉತ್ತರ: ಹೋಗಬಹುದು, ಆದರೆ ಸುಮ್ನೆ ಟಿವಿ ಹಿಂದೆ ಸಿಕ್ಕಿಸಬೇಡಿ. ಅಂಥ ಸ್ಪ್ಲಿಟರ್‌ನಲ್ಲಿ ಪ್ರತಿ ದಾರಿಗೂ ಸುಮಾರು 7 ಡೆಸಿಬೆಲ್ ಸೋರಿಹೋಗುತ್ತದೆ, ಅಂದರೆ ಒಂದೊಂದು ರೂಮಿಗೆ ತಲುಪುವುದು ಸಿಗ್ನಲ್‌ನ ಐದನೇ ಒಂದು ಪಾಲು ಅಷ್ಟೇ, ಅದರ ಮೇಲೆ ಉದ್ದ ಕೇಬಲ್‌ನ ನಷ್ಟ ಬೇರೆ. ಬೂಸ್ಟರ್ ಆಂಟೆನಾ ಪಕ್ಕದಲ್ಲೇ, ಸ್ಪ್ಲಿಟರ್‌ಗಿಂತ ಮೊದಲೇ ಇರಬೇಕು. ಆಮೇಲೆ ಹಾಕಿದರೆ ಸಿಗ್ನಲ್ ಜೊತೆ ಗದ್ದಲವೂ (ಅದರಲ್ಲಿ ಬೆರೆತ ಬೇಡದ ಅಡಚಣೆ) ಜಾಸ್ತಿಯಾಗುತ್ತದೆ. ಖಾಲಿ ಬಿಟ್ಟಿರುವ ನಾಲ್ಕನೇ ಬಾಯಿಗೆ 75 ಓಮ್ ಟರ್ಮಿನೇಟರ್ (ಬಳಸದ ಬಾಯಿ ಮುಚ್ಚುವ ಪುಟ್ಟ ಮುಚ್ಚಳ) ತಿರುಗಿಸಿ. ಎಲ್ಲ ಆದ ಮೇಲೆ ಪ್ರತಿ ಟಿವಿಯಲ್ಲೂ ಚಾನೆಲ್ ಮತ್ತೆ ಸ್ಕ್ಯಾನ್ ಮಾಡಿ.